ತಮ್ಮ ಟ್ರೇನಿಂಗ್‌ನಲ್ಲಿದ್ದಾನೆ, ಕಾಲು ನೋವು ಅಂತಾನೆ, ಯಾರಿಗೂ ಹೇಳಬೇಡ ಅಂತಾನೆ. ಏನು ಮಾಡೋಣ?

ಮುಧೋಳದ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ನಾಲ್ಕು ವರ್ಷದ ಮಿಲಿಟರಿ ಸೇವೆಗೆ ಅಗ್ನಿವೀರ ಆಗಿ ಆಯ್ಕೆಯಾಗಿ ಉತ್ತರದ ಕಡೆ ಒಂದು ಟ್ರೇನಿಂಗ್ ಸೆಂಟರಿಗೆ ಹೋಗಿದ್ದಾನೆ. ಈಗ ಎರಡನೇ ತಿಂಗಳು ನಡೆದಿದೆ. ಭಾನುವಾರ ಮಾತ್ರ ಫೋನ್ ಕೊಡುತ್ತಾರೆ, ಅದೂ ಸ್ವಲ್ಪ ಹೊತ್ತು. ಮೊದಮೊದಲು ಬರೀ ಊಟದ ಸುದ್ದಿ ಹೇಳುತ್ತಿದ್ದ. ಬೆಳಿಗ್ಗೆ ಪೂರಿ, ಮಧ್ಯಾಹ್ನ ದಾಲ್, ರಾತ್ರಿ ಮತ್ತೆ ದಾಲ್ ಅಂತ. ಈಗ ಊಟದ ಮಾತೇ ಇಲ್ಲ. "ಹೂಂ, ಆರಾಮ ಇದೀನಿ" ಅಷ್ಟೇ.

ಕಳೆದ ವಾರ ಅವ್ವ ಫೋನ್ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಆಗ ಮೆಲ್ಲಗೆ ಹೇಳಿದ. "ಅಕ್ಕಾ, ಬಲಗಾಲಿನ ಕಣಕಾಲು ಎಲುಬು ನೋಯುತ್ತಿದೆ. ರಾತ್ರಿ ಮಲಗಿದರೂ ಬಿಡುವುದಿಲ್ಲ. ಇಲ್ಲಿ ಯಾರಿಗೂ ಹೇಳಿಲ್ಲ, ನೀನೂ ಹೇಳಬೇಡ. ಗೊತ್ತಾದರೆ ನಮ್ಮ ನಂತರ ಬರುವ ಹಿಂದಿನ ಬ್ಯಾಚಿಗೆ ಹಾಕುತ್ತಾರೆ."

ಅವ್ವನಿಗೆ ಅನುಮಾನ ಬಂದಿದೆ. ಅಪ್ಪ "ಮಿಲಿಟರಿ ಅಂದಮೇಲೆ ನೋವು ಇದ್ದದ್ದೇ" ಅಂತ ಸುಮ್ಮನಿದ್ದಾರೆ. ಅಲ್ಲಿಯ ಸಾಹೇಬರಿಗೆ ನಾವೇ ಫೋನ್ ಮಾಡೋಣವಾ? ಮಾಡಿದರೆ ಅವನಿಗೆ ತೊಂದರೆ ಆಗುತ್ತಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಬೈಲಹೊಂಗಲ ಹವಾಲ್ದಾರ್ (ನಿವೃತ್ತ)

ತಂಗೀ, ಸದ್ಯಕ್ಕೆ ನೀವು ಫೋನ್ ಮಾಡಬೇಡಿ. ಅವನೇ ಹೇಳಲಿ. ಮನೆಯಿಂದ ಫೋನ್ ಬಂತು ಅಂದರೆ ಬ್ಯಾರಕ್ ತುಂಬ ಸುದ್ದಿ. ಟ್ರೇನಿಂಗ್ ಕೊಡುವ ಉಸ್ತಾದರಿಗಿಂತ ಜೊತೆಯ ಹುಡುಗರ ಕಾಟ ಜಾಸ್ತಿ.

ನಾನು ರಂಗ್ರೂಟ್, ಅಂದರೆ ಹೊಸದಾಗಿ ಭರ್ತಿಯಾದ ಹುಡುಗ, ಆಗಿದ್ದವನು, ಆಮೇಲೆ ರಂಗ್ರೂಟರಿಗೆ ಉಸ್ತಾದನೂ ಆಗಿದ್ದವನು. ಎರಡೂ ಕಡೆಯಿಂದ ನೋಡಿದ್ದೇನೆ. ಮೊದಲ ವಾರಗಳು ಭಯದಲ್ಲೇ ಕಳೆಯುತ್ತವೆ. ತಲೆ ಬೋಳಿಸುತ್ತಾರೆ. ಕರಿ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು. ಬೆಳಗಿನ ಜಾವ ನಾಲ್ಕಕ್ಕೆಲ್ಲ ಏಳಬೇಕು. ಮೀಸೆ ಚಿಗುರದ ಹುಡುಗನೂ ಶೇವ್ ಮಾಡಲೇಬೇಕು. ಮಗ್ಗಿನಲ್ಲಿ ಚಹಾ ಕುಡಿದು ಸಾಲಾಗಿ ನಿಲ್ಲುವ ಫಾಲ್‌ಇನ್. ಆಮೇಲೆ ಪಿಟಿ, ಓಟ, ಹಗ್ಗ ಹತ್ತುವುದು, 9 ಅಡಿ ಗುಂಡಿ ಹಾರುವುದು. ತಿಂಡಿ ಮುಗಿದರೆ ಡ್ರಿಲ್. ಡ್ರಿಲ್ ಅಂದರೆ ಸುಮ್ನೆ ನಡೆಯುವುದಲ್ಲ. ಬೂಟಿನ ಹಿಮ್ಮಡಿಯನ್ನು ಕಾಂಕ್ರೀಟಿಗೆ ಬಡಿಯಬೇಕು, ದಿನಕ್ಕೆ ನೂರಾರು ಸಲ. ಆ ಪೆಟ್ಟು ನೇರ ಕಣಕಾಲಿಗೇ ಹೋಗುತ್ತದೆ. ಮಧ್ಯಾಹ್ನ ರೈಫಲ್ ಕ್ಲಾಸ್. ಬಿಸಿಲಲ್ಲಿ ಕೂತರೆ ನಿದ್ದೆ ಎಳೆಯುತ್ತದೆ. ತೂಕಡಿಸಿದರೆ ನಾಲ್ಕು ಕಿಲೋ ರೈಫಲ್ ತಲೆ ಮೇಲೆ ಎತ್ತಿ ಮೈದಾನ ಸುತ್ತು. ಸಂಜೆ ಆಟ, ರಾತ್ರಿ ರೋಲ್ ಕಾಲ್, ಅದಾದ ಮೇಲೆ ಬೂಟ್ ಪಾಲಿಶ್. ಮಲಗುವ ಹೊತ್ತಿಗೆ ಯಾರಿಗೂ ಯಾರ ನೆನಪೂ ಇರುವುದಿಲ್ಲ.

ಎರಡನೇ ತಿಂಗಳಿಗೆ ಭಯ ಹೋಗಿ ದಣಿವು ಮಾತ್ರ ಉಳಿದಿರುತ್ತದೆ. ಮನೆ ನೆನಪಾಗುವುದು ಆಗ. ಕಂಬಳಿ ಮುಖಕ್ಕೆ ಎಳೆದುಕೊಂಡು ಅಳುವ ಹುಡುಗರನ್ನು ಎಷ್ಟೋ ನೋಡಿದ್ದೇನೆ. ಬೆಳಿಗ್ಗೆ ಏನೂ ಆಗಿಲ್ಲ ಅನ್ನುವಂತೆ ಎದ್ದು ಬರುತ್ತಾರೆ. ನಾವೂ ನೋಡಿಲ್ಲ ಅನ್ನುವಂತೆ ಇರುತ್ತೇವೆ. ಅದರ ಬಗ್ಗೆ ಚಿಂತೆ ಬೇಡ.

ಕಾಲಿನ ಮಾತು ಬೇರೆ. ಅದನ್ನು ಮುಚ್ಚಿಡುವುದು ಬೇಡ. ದಿನಾ ಬೆಳಿಗ್ಗೆ ಎಂಐ ರೂಮಿಗೆ, ಅಂದರೆ ಸೆಂಟರಿನ ದವಾಖಾನೆಗೆ, ಮೈ ಸರಿಯಿಲ್ಲ ಅಂತ ಸಿಕ್ ರಿಪೋರ್ಟ್ ಹೋಗುವವರ ಸಾಲು ಇರುತ್ತದೆ. ಪ್ಲಟೂನ್ ಹವಾಲ್ದಾರನಿಗೆ ಹೇಳಿ ಆ ಸಾಲಿನಲ್ಲಿ ನಿಲ್ಲಲಿ.

ಅಥಣಿ ಓಟಗಾರ

ಕಾಕಾ, ನಿಮ್ಮ ಕಾಲ ಬೇರೆ, ಈಗಿನದು ಬೇರೆ. ನಾಲ್ಕು ವರ್ಷ ಆದ ಮೇಲೆ ಹೆಚ್ಚೆಂದರೆ 25 ಪರ್ಸೆಂಟ್ ಜನರನ್ನು ಉಳಿಸಿಕೊಳ್ಳುತ್ತಾರೆ. ಟ್ರೇನಿಂಗ್‌ನಲ್ಲೇ ಸಿಕ್ ರಿಪೋರ್ಟ್ ಅಂತ ಹೆಸರು ಬಿದ್ದರೆ ಮುಂದೆ ಯಾರು ಉಳಿಸಿಕೊಳ್ಳುತ್ತಾರೆ? ನಾನಾಗಿದ್ದರೂ ಹೇಳುತ್ತಿರಲಿಲ್ಲ. ಹಲ್ಲು ಕಚ್ಚಿ ಓಡುವುದೇ.

ಫಿಜಿಯೋ, ಬಾಗಲಕೋಟೆ

ಅಥಣಿಯವರೇ, ಹಲ್ಲು ಕಚ್ಚಿದರೆ ಎಲುಬು ಕೂಡುವುದಿಲ್ಲ.

ಅಕ್ಕಾ, ಕಣಕಾಲು ನೋವಿನಲ್ಲಿ ಎರಡು ಥರ ಇದೆ. ಒಂದು ಶಿನ್ ಸ್ಪ್ಲಿಂಟ್ಸ್. ಕಣಕಾಲಿನ ಒಳಅಂಚಿನ ಉದ್ದಕ್ಕೂ ಹರಡಿದ ನೋವು. ಓಡಲು ಶುರು ಮಾಡಿದಾಗ ಜಾಸ್ತಿ, ಮೈ ಬಿಸಿಯಾದ ಮೇಲೆ ಸ್ವಲ್ಪ ಕಡಿಮೆ. ಹೊಸದಾಗಿ ಓಡುವ ಎಷ್ಟೋ ಜನರಿಗೆ ಬರುತ್ತದೆ. ಓಟ ತಗ್ಗಿಸಿ ಐಸ್ ಇಟ್ಟುಕೊಂಡರೆ ಹೋಗುತ್ತದೆ.

ಇನ್ನೊಂದು ಸ್ಟ್ರೆಸ್ ಫ್ರ್ಯಾಕ್ಚರ್. ಬಿದ್ದು ಮುರಿದದ್ದಲ್ಲ. ಒಂದೇ ಜಾಗಕ್ಕೆ ದಿನಾ ಪೆಟ್ಟು ಬಿದ್ದು ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು. ಎಲುಬು ಜೀವ ಇರುವ ವಸ್ತು. ಭಾರ ಬಿದ್ದಾಗ ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟಿಕೊಳ್ಳುತ್ತದೆ. ಕರಗುವ ಕೆಲಸ ಬೇಗ, ಕಟ್ಟುವ ಕೆಲಸ ನಿಧಾನ. ಹಾಗಾಗಿ ಟ್ರೇನಿಂಗ್ ಶುರುವಾಗಿ ಕೆಲವು ವಾರ ಆದಾಗ ಎಲುಬು ಮೊದಲಿಗಿಂತ ಸೋತಿರುತ್ತದೆ. ಅದೇ ಹೊತ್ತಿಗೆ ಓಟ, ಡ್ರಿಲ್, ಬೆನ್ನ ಮೇಲಿನ ಪಿಟ್ಟೂ ಚೀಲ ಎಲ್ಲ ಹೆಚ್ಚುತ್ತವೆ. ನಿದ್ದೆ ಕಡಿಮೆ. ರಂಗ್ರೂಟರಲ್ಲಿ ಈ ಬಿರುಕು ಜಾಸ್ತಿ ಕಾಣುವುದು ಅದಕ್ಕೇ. ಕಣಕಾಲಿನಲ್ಲಿ ಬರುತ್ತದೆ, ಪಾದದ ಬೆರಳುಗಳ ಹಿಂದಿನ ಎಲುಬುಗಳಲ್ಲೂ ಬರುತ್ತದೆ.

ಗುರುತು ಏನು? ಒಂದೇ ಬೆರಳಿಟ್ಟು "ಇಲ್ಲೇ" ಅಂತ ತೋರಿಸಬಹುದಾದ ನೋವು. ಓಡಿದಷ್ಟೂ ಹೆಚ್ಚಾಗುವ ನೋವು. ಮಲಗಿದರೂ ಬಿಡದ ನೋವು. ನಿಮ್ಮ ತಮ್ಮ ರಾತ್ರಿಯೂ ನೋಯುತ್ತದೆ ಅಂದದ್ದು ನನಗೆ ಸರಿ ಕಾಣಲಿಲ್ಲ.

ಮೊದಲ ಎರಡು ಮೂರು ವಾರ ಎಕ್ಸ್‌ರೇನಲ್ಲಿ ಏನೂ ಕಾಣದೇ ಇರಬಹುದು. "ಎಕ್ಸ್‌ರೇ ನಾರ್ಮಲ್" ಅಂದರೂ ನೋವು ಉಳಿದರೆ ಮತ್ತೆ ಹೋಗಿ ತೋರಿಸಲಿ. ಬೇಗ ಹಿಡಿದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರದ ವಿಶ್ರಾಂತಿಯಲ್ಲಿ ಕೂಡುತ್ತದೆ. ಮುಚ್ಚಿಟ್ಟು ಓಡಿದರೆ ಒಂದು ದಿನ ಪೂರ್ತಿ ಮುರಿಯಬಹುದು. ಆಗ ರಾಡ್ ಹಾಕಬೇಕಾಗಬಹುದು. 25 ಪರ್ಸೆಂಟ್ ಲೆಕ್ಕ ಅಲ್ಲಿಗೆ ಮುಗಿಯಿತು, ಅಲ್ವಾ?

ಇನ್ನೊಂದು ಮಾತು. ಹುಡುಗರು ನೋವಿನ ಮಾತ್ರೆ ನುಂಗಿ ಓಡುತ್ತಾರೆ. ಮೈಯಲ್ಲಿ ನೀರು ಕಡಿಮೆ ಇದ್ದಾಗ ಆ ಮಾತ್ರೆ ಕಿಡ್ನಿಗೆ ಪೆಟ್ಟು. ಭಾರೀ ಓಟದ ನಂತರ ಮೂತ್ರ ಕಪ್ಪು ಚಹಾದ ಬಣ್ಣ ಬಂದರೆ ಒಂದು ಗಂಟೆಯೂ ಕಾಯಬಾರದು, ಅದು ಸ್ನಾಯು ಒಡೆದ ಲಕ್ಷಣ.

ಕ್ಯಾಂಪ್ ಹತ್ತಿರದ ಮನೆ, ಬೆಳಗಾವಿ

ನಮ್ಮ ಮನೆಗೆ ಬೆಳಗಿನ ಅಲಾರಂ ಬೇಕಾಗಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ 1922ರಿಂದ ಇದೇ ಊರಲ್ಲಿದೆ. ಜುಲೈ ಮಳೆಯಲ್ಲೂ ಕತ್ತಲಿರುವಾಗಲೇ ಹುಡುಗರು ಓಡುವ ಸದ್ದು ಕೇಳುತ್ತದೆ. ವಿಜಯಪುರ ಕಡೆಯ ಒಣ ಹವೆಯಿಂದ ಬಂದವರಿಗೆ ಇಲ್ಲಿಯ ಮಳೆಗಾಲ ಕಷ್ಟ. ಬೂಟು ಒಣಗುವುದೇ ಇಲ್ಲ, ಬೆರಳ ಸಂದಿಯೆಲ್ಲ ಹುಣ್ಣು. ಸಾಕ್ಸ್ ಜಾಸ್ತಿ ಇಟ್ಟುಕೊಳ್ಳಿ, ಪೌಡರ್ ಹಾಕಿ ಅಂತ ನಮ್ಮ ಅಂಗಡಿಗೆ ಬರುವ ಅಪ್ಪಂದಿರಿಗೆಲ್ಲ ಹೇಳುತ್ತೇನೆ.

2023ರ ಆಗಸ್ಟ್‌ನಲ್ಲಿ ಇಲ್ಲಿ ಮೊದಲ ಅಗ್ನಿವೀರರ ಬ್ಯಾಚಿನ ಪರೇಡ್ ಆಯಿತು. ಟ್ರೇನಿಂಗ್ 31 ವಾರ. ಪ್ರಮಾಣ ಮಾಡುವ ಕಸಮ್ ಪರೇಡ್ ಮುಗಿದ ಮೇಲೆ ತಂದೆ ತಾಯಿಯ ಎದೆಗೆ ಗೌರವ ಪದಕ ಹಾಕುತ್ತಾರೆ. ಇಳಕಲ್ ಸೀರೆಯ ಮೇಲೆ ಪದಕ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗುವ ಅವ್ವಂದಿರನ್ನು ನೋಡಬೇಕು ನೀವು.

ಅಥಣಿ ಓಟಗಾರ

ಮುಧೋಳ ಅಂದಿರಲ್ಲ ಅಕ್ಕಾ, ನಿಮ್ಮೂರ ನಾಯಿಗಳನ್ನೇ ಮಿಲಿಟರಿಯವರು ಮೀರತ್‌ಗೆ ಕರೆದುಕೊಂಡು ಹೋಗಿ ಟ್ರೇನಿಂಗ್ ಕೊಟ್ಟಿದ್ದಾರೆ. ತಮ್ಮನೂ ಪಾಸಾಗುತ್ತಾನೆ ಬಿಡಿ 😄

ಮುಧೋಳದ ಅಕ್ಕ

ಇದನ್ನು ಅವನಿಗೆ ಹೇಳಿದರೆ ನಗಬಹುದು. ನಕ್ಕು ಎಷ್ಟು ದಿನ ಆಯಿತೋ.

ಪಿಟಿ ಟೀಚರ್, ರಾಯಬಾಗ

2019ರ ಆಗಸ್ಟ್‌ನಲ್ಲಿ ಮಿಲಿಟರಿ ಪೊಲೀಸ್‌ಗೆ ಮೊದಲ ಸಲ ಹುಡುಗಿಯರನ್ನು ತಗೊಂಡಾಗ ಬೆಳಗಾವಿಯಲ್ಲೇ ಭರ್ತಿ ರ‍್ಯಾಲಿ ಆಗಿತ್ತು. ನಾನೂ ಓಡಿದ್ದೆ. ನಮಗೆ 1.6 ಕಿಲೋಮೀಟರ್‌ಗೆ ಏಳೂವರೆ ನಿಮಿಷ, ಎಂಟು ನಿಮಿಷ ಅಂತ ಎರಡು ಗ್ರೂಪ್, ಮೇಲೆ 10 ಅಡಿ ಲಾಂಗ್ ಜಂಪ್, 3 ಅಡಿ ಹೈ ಜಂಪ್. ಆಯ್ಕೆ ಆಗಲಿಲ್ಲ, ಅದು ಬೇರೆ ಕಥೆ. ಆ ಮೊದಲ ಬ್ಯಾಚಿನ 83 ಜನ ಬೆಂಗಳೂರಿನಲ್ಲಿ 61 ವಾರ ಟ್ರೇನಿಂಗ್ ಮುಗಿಸಿ 2021ರ ಮೇ ತಿಂಗಳಲ್ಲಿ ಹೊರಬಂದರು.

ಈಗ ಹಳ್ಳಿ ಹುಡುಗ ಹುಡುಗಿಯರಿಗೆ ನಾನೇ ಓಟ ಕಲಿಸುತ್ತೇನೆ. ನನ್ನ ತಕರಾರು ಒಂದೇ. ನಮ್ಮ ಕಡೆಯ ತಯಾರಿ ಎಲ್ಲ ರ‍್ಯಾಲಿಯ ಆ ಐದೂವರೆ ನಿಮಿಷಕ್ಕೆ. ಹುಡುಗರು 1.6 ಕಿಲೋಮೀಟರ್ ಐದೂವರೆ ನಿಮಿಷದಲ್ಲಿ ಓಡಿದರೆ 60 ಅಂಕ, ಬೀಮ್ (ಅಡ್ಡ ಕಂಬಿ ಹಿಡಿದು ಮೈ ಮೇಲೆತ್ತುವುದು) ಹತ್ತು ಹೊಡೆದರೆ 40. ನೂರು ಬಂದರೆ ಆಯಿತು ಅಂದುಕೊಳ್ಳುತ್ತಾರೆ. ಡಾಂಬರು ರಸ್ತೆ ಮೇಲೆ, ಅಣ್ಣನ ಹಳೆ ಶೂ ಹಾಕಿ, ದಿನಾ ಅದೇ ಒಂದು ಮೈಲಿ ಉಸಿರು ಬಿಗಿಹಿಡಿದು ಓಡುತ್ತಾರೆ. ಸೆಂಟರ್‌ನಲ್ಲಿ 5 ಕಿಲೋಮೀಟರ್ ಓಟ, ತೂಕ ಹೊತ್ತು ಮೈಲಿಗಟ್ಟಲೆ ನಡಿಗೆ. ಅದಕ್ಕೆ ಕಾಲು ತಯಾರಾಗಿರುವುದೇ ಇಲ್ಲ. ಆಯ್ಕೆಯಾಗಿ ಕರೆ ಬರುವ ತನಕ ತಿಂಗಳುಗಟ್ಟಲೆ ಸಮಯ ಸಿಗುತ್ತದೆ. ಆಗ ಸನ್ಮಾನ, ಊಟ, ಮದುವೆ ಮನೆ ಅಂತ ತಿರುಗುತ್ತಾರೆ. ಆ ತಿಂಗಳುಗಳಲ್ಲಿ ಹೊಲದ ದಾರಿಯಲ್ಲಿ ನಿಧಾನಕ್ಕೆ ದೂರ ಓಡಿ, ವಾರವಾರ ಸ್ವಲ್ಪಸ್ವಲ್ಪ ಹೆಚ್ಚಿಸಿದರೆ ಅರ್ಧ ಕಷ್ಟ ಇಲ್ಲೇ ಮುಗಿಯುತ್ತದೆ.

ವಾಪಸ್ ಬಂದವನು

ಸನ್ಮಾನದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಜಮಖಂಡಿ ತಾಲ್ಲೂಕಿನ ಹಳ್ಳಿ ನನ್ನದು. ಮೊಣಕಾಲಿನ ತೊಂದರೆಯಿಂದ ಟ್ರೇನಿಂಗ್ ಅರ್ಧಕ್ಕೆ ನಿಂತು ಮನೆಗೆ ಬಂದೆ. ಸೆಂಟರ್‌ನವರು ನೋಡಬೇಕಾದಷ್ಟು ನೋಡಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ.

ಅಲ್ಲಿಯ ಕಷ್ಟ ನನಗೆ ಕಷ್ಟ ಅನಿಸಿರಲಿಲ್ಲ. ಹಿಂದಿ ಬರುತ್ತಿರಲಿಲ್ಲ, ಹುಕುಂ ಅರ್ಥವಾಗುವ ಮುಂಚೆ ಪಕ್ಕದವನು ತಿರುಗಿದ ಕಡೆ ತಿರುಗುತ್ತಿದ್ದೆ. ಅವನು ತಪ್ಪಿದರೆ ಇಬ್ಬರಿಗೂ ಫ್ರಂಟ್ ರೋಲ್, ನೆಲದ ಮೇಲೆ ಉರುಳುವ ಶಿಕ್ಷೆ. ಅದೆಲ್ಲ ಈಗ ನೆನೆದರೆ ನಗು. ಒಡಿಶಾದ ಒಬ್ಬ ಹುಡುಗ ಜೊತೆಗಿದ್ದ. ಅವನಿಗೂ ಹಿಂದಿ ಬರದು, ನನಗೂ ಬರದು. ಆದರೂ ರಾತ್ರಿ ಬೂಟ್ ಪಾಲಿಶ್ ಮಾಡುತ್ತ ಅದೇನೇನೋ ಮಾತಾಡುತ್ತಿದ್ದೆವು.

ಕಷ್ಟ ಆದದ್ದು ಬಸ್ ಇಳಿದಾಗ. ಆಯ್ಕೆಯಾದಾಗ ಊರವರು ಸ್ಟ್ಯಾಂಡಿನಲ್ಲಿ ದೊಡ್ಡ ಫ್ಲೆಕ್ಸ್ ಹಾಕಿದ್ದರು. "ದೇಶ ಸೇವೆಗೆ ಹೊರಟ ವೀರ ಯೋಧ" ಅಂತ ನನ್ನ ಫೋಟೋ, ಸುತ್ತ ಇಪ್ಪತ್ತು ಜನ ಶುಭ ಕೋರುವವರ ಫೋಟೋ. ವಾಪಸ್ ಬಂದಾಗ ಅದು ಇನ್ನೂ ಅಲ್ಲೇ ಇತ್ತು. ಒಬ್ಬರೂ ಕಾಲು ಹೇಗಿದೆ ಅಂತ ಕೇಳಲಿಲ್ಲ. "ಯಾಕೆ ಓಡಿ ಬಂದೆ?" ಅಂದರು. ಅಪ್ಪ ಸಂತೆಗೆ ಹೋಗುವುದನ್ನೇ ಬಿಟ್ಟರು. ಸುಮಾರು ದಿನ ನಾನು ಹೊಲದ ಮನೆಯಲ್ಲೇ ಇದ್ದೆ. ತಲೆಯಲ್ಲಿ ಬರಬಾರದ ಯೋಚನೆಗಳೂ ಬಂದವು. ಸೋದರಮಾವ ಬಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ. ಈಗ ಆರಾಮ ಇದ್ದೇನೆ, ಕೆಲಸದಲ್ಲೂ ಇದ್ದೇನೆ.

ಅಕ್ಕಾ, ನಿಮ್ಮ ತಮ್ಮ ಯಾಕೆ ಹೇಳುತ್ತಿಲ್ಲ ಅಂತ ನನಗೆ ಗೊತ್ತು. ಸಾಹೇಬರ ಭಯ ಅಲ್ಲ ಅದು, ಊರಿನ ಭಯ. ನಿಮ್ಮೂರಲ್ಲೂ ಫ್ಲೆಕ್ಸ್ ಹಾಕಿದ್ದಾರಾ?

ಮುಧೋಳದ ಅಕ್ಕ

ಹಾಕಿದ್ದಾರೆ ಅಣ್ಣಾ. ಎರಡು ಹಾಕಿದ್ದಾರೆ. ಒಂದು ಹನುಮಪ್ಪನ ಗುಡಿ ಮುಂದೆ, ಒಂದು ಹಾಲಿನ ಡೇರಿ ಹತ್ತಿರ. ಅವನು ಹೊರಟ ದಿನ ಡೊಳ್ಳು ಬಾರಿಸಿ ಕಳಿಸಿದ್ದರು.

ಬೈಲಹೊಂಗಲ ಹವಾಲ್ದಾರ್ (ನಿವೃತ್ತ)

ಫ್ಲೆಕ್ಸ್ ಹಾಕುವುದಿದ್ದರೆ ಕಸಮ್ ಪರೇಡ್ ಆದ ಮೇಲೆ ಹಾಕಬೇಕು. ಅಲ್ಲಿಯ ತನಕ ಹುಡುಗ ರಂಗ್ರೂಟ್, ಯೋಧ ಅಲ್ಲ. ಇದನ್ನು ನಮ್ಮ ಮಾಜಿ ಸೈನಿಕರ ಸಂಘದಲ್ಲಿ ಹೇಳಿ ಹೇಳಿ ಸಾಕಾಗಿದೆ.

ಕನ್ನಡ ಮೇಷ್ಟ್ರು, ಸಿಂದಗಿ

ಫ್ರಂಟ್ ರೋಲ್ ಮಾತು ಬಂತು. ಒಬ್ಬನ ತಪ್ಪಿಗೆ ಎಲ್ಲರಿಗೂ ರಗಡಾ ಅಂತ ಮೈ ದಣಿಸುವ ಶಿಕ್ಷೆ ಕೊಡುವುದು ಯಾವ ನ್ಯಾಯ? ಶಾಲೆಯಲ್ಲಿ ಹೀಗೆ ಮಾಡಿದರೆ ನಮ್ಮನ್ನು ಬಿಡುತ್ತಾರಾ?

ಬೈಲಹೊಂಗಲ ಹವಾಲ್ದಾರ್ (ನಿವೃತ್ತ)

ಮೇಷ್ಟ್ರೇ, ಶಾಲೆಯಲ್ಲಿ ನಿಮ್ಮ ಮಗ್ಗಲಿನವನ ತಪ್ಪಿಗೆ ನಿಮ್ಮ ಜೀವ ಹೋಗುವುದಿಲ್ಲ. ಗಡಿಯಲ್ಲಿ ಹೋಗುತ್ತದೆ. ಒಬ್ಬನ ಬೂಟಿನ ಲೇಸ್ ಬಿಚ್ಚಿದ್ದರೆ ಪಕ್ಕದವನು ನೋಡಿ ಹೇಳುವ ಅಭ್ಯಾಸ ಬರಬೇಕು. ರಗಡಾದಿಂದ ಅದು ಬರುತ್ತದೆ.

ಕೈ ಎತ್ತುವುದು ಬೇರೆ. ಅದು ಅಪರಾಧ. 1950ರ ಆರ್ಮಿ ಆಕ್ಟ್‌ನ 47ನೇ ಕಲಂ ಓದಿ, ಕೈಕೆಳಗಿನವನನ್ನು ಹಿಂಸಿಸಿದರೆ ಏಳು ವರ್ಷದ ತನಕ ಜೈಲು ಇದೆ. ಒಳ್ಳೆ ಉಸ್ತಾದನಿಗೆ ಹೊಡೆಯುವ ಅಗತ್ಯವೇ ಬೀಳುವುದಿಲ್ಲ.

ಫಿಜಿಯೋ, ಬಾಗಲಕೋಟೆ

ಕಾಕಾ, ಲೇಸ್ ನೋಡುವ ಅಭ್ಯಾಸದ ಮಾತು ಒಪ್ಪುತ್ತೇನೆ. ಆದರೆ ಅದೇ ರಗಡಾದಿಂದ ಇನ್ನೊಂದು ಅಭ್ಯಾಸವೂ ಬರುತ್ತದೆ. ನನ್ನಿಂದ ಎಲ್ಲರಿಗೂ ಶಿಕ್ಷೆ ಆಗಬಾರದು ಅಂತ ಹುಡುಗ ನೋವು ನುಂಗುತ್ತಾನೆ. ಕುಂಟುವವನು ಹಿಂದೆ ಬಿದ್ದರೆ ಇಡೀ ಪ್ಲಟೂನ್ ಓಡಬೇಕಲ್ಲ. ನನ್ನ ಹತ್ತಿರ ಬಂದ ಹುಡುಗರಲ್ಲಿ ಎಷ್ಟೋ ಜನ ಇದನ್ನೇ ಹೇಳಿದ್ದಾರೆ. "ಹೊಡೆತಕ್ಕೆ ಹೆದರಲಿಲ್ಲ ಮೇಡಂ, ಗೆಳೆಯರ ಮುಖ ನೋಡಲು ಆಗಲಿಲ್ಲ" ಅಂತ.

ಬೈಲಹೊಂಗಲ ಹವಾಲ್ದಾರ್ (ನಿವೃತ್ತ)

ಇದು ಖರೆ ಮಾತು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಸೈನಿಕ ಶಾಲೆ ಹಳೆ ಹುಡುಗ, ವಿಜಯಪುರ

ನಾನು ವಿಜಯಪುರ ಸೈನಿಕ ಶಾಲೆಗೆ ಆರನೇ ಕ್ಲಾಸಿಗೆ ಸೇರಿದವನು. 1963ರ ಶಾಲೆ ಅದು. ಮನೆಯ ನೆನಪಿನ ಅಳು ನಮಗೆ ಆಗಲೇ ಮುಗಿದಿತ್ತು. ಹದಿನೆಂಟಕ್ಕೆ ಮೊದಲ ಸಲ ಮನೆ ಬಿಟ್ಟವನಿಗೆ ಅದೇ ಅಳು ತಡವಾಗಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಇದರಲ್ಲಿ ನಾಚಿಕೆ ಪಡುವುದು ಏನೂ ಇಲ್ಲ.

ಮನೆಯವರಿಗೆ ಒಂದು ಮಾತು. ಫೋನ್ ಬಂದಾಗ ಬರೀ "ಆರಾಮ ಇದೀಯಾ" ಅಂತ ಕೇಳಬೇಡಿ. ಆ ಪ್ರಶ್ನೆಗೆ "ಹೂಂ" ಬಿಟ್ಟು ಬೇರೆ ಉತ್ತರ ಇಲ್ಲ. ಇವತ್ತು ಏನು ಕಲಿಸಿದರು, ಪಕ್ಕದ ಮಂಚದವನು ಯಾವ ಊರವನು, ಹಗ್ಗ ಎಷ್ಟು ಮೇಲೆ ಹತ್ತಿದೆ ಅಂತ ಕೇಳಿ. ಮನೆಯ ಸುದ್ದಿಯನ್ನೂ ಹೇಳಿ. ಆಕಳು ಕರು ಹಾಕಿದ್ದು, ಕಬ್ಬಿನ ಬಿಲ್ಲು ಬರದಿದ್ದದ್ದು, ಎಲ್ಲ. ಕೆಲವರು ಹುಡುಗನಿಗೆ ಚಿಂತೆ ಆಗಬಾರದು ಅಂತ ಕೆಟ್ಟ ಸುದ್ದಿ ಮುಚ್ಚಿಡುತ್ತಾರೆ. ಮುಂದಿನ ಭಾನುವಾರ ಗೆಳೆಯನ ವಾಟ್ಸಾಪ್‌ನಲ್ಲಿ ಗೊತ್ತಾಗುತ್ತದೆ. ಆಮೇಲೆ ಅವನು ಮನೆಯವರ ಯಾವ ಮಾತನ್ನೂ ಪೂರ್ತಿ ನಂಬುವುದಿಲ್ಲ. ತನ್ನದನ್ನೂ ಹೇಳುವುದಿಲ್ಲ.

ಅಥಣಿ ಓಟಗಾರ

ನಮ್ಮ ಮನೆಯಲ್ಲಿ ಅಜ್ಜ ತೀರಿಕೊಂಡದ್ದನ್ನು ಅಣ್ಣನಿಗೆ ಹೇಳಿರಲಿಲ್ಲ. ರಜೆಗೆ ಬಂದಾಗ ಗೊತ್ತಾಯಿತು. ಇವತ್ತಿಗೂ ಅಪ್ಪನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಮುಧೋಳದ ಅಕ್ಕ

ಇವತ್ತು ಭಾನುವಾರ, ಫೋನ್ ಬಂದಿತ್ತು. ನೀವೆಲ್ಲ ಹೇಳಿದ್ದನ್ನು ಅವನಿಗೆ ಹೇಳಿದೆ. ಮೊದಲು ಸಿಟ್ಟಾದ. "ಊರೆಲ್ಲ ಹೇಳಿದೆಯಾ" ಅಂದ. ಹೆಸರು, ಸೆಂಟರ್ ಏನೂ ಬರೆದಿಲ್ಲ ಅಂದೆ. ಒಂದು ಬೆರಳಿಟ್ಟು ತೋರಿಸಲು ಆಗುತ್ತಾ ಅಂತ ಕೇಳಿದಾಗ ಸುಮ್ಮನಾದ. "ಹೂಂ, ಒಂದೇ ಜಾಗ" ಅಂದ.

ಆಮೇಲೆ ಅಪ್ಪ ಫೋನ್ ತಗೊಂಡರು. ಅಪ್ಪ ಏನು ಹೇಳುತ್ತಾರೋ ಅಂತ ನನಗೆ ಎದೆ ಢವಢವ. "ನಾಳೆ ದವಾಖಾನೆಗೆ ಹೋಗು. ಹಿಂದಿನ ಬ್ಯಾಚಿಗೆ ಹಾಕಿದರೆ ಹಾಕಲಿ, ನಿನಗೇನು ಮದುವೆ ತಡ ಆಗುತ್ತಾ?" ಅಂದರು. ಅವನು ನಕ್ಕ. ಫ್ಲೆಕ್ಸ್ ತೆಗೆಸುವ ಮಾತು ಅಪ್ಪನಿಗೆ ಹೇಳಿದ್ದೇನೆ. ಗುಡಿ ಮುಂದಿನದು ಗಾಳಿಗೆ ಆಗಲೇ ಹರಿದಿದೆಯಂತೆ. ಡೇರಿಯದನ್ನು ತೆಗೆಸಿದರೆ ಜನ ಏನೋ ಆಯಿತು ಅಂತಾರೆ ಅಂತ ಅವ್ವ ಜಗಳ ತೆಗೆದಿದ್ದಾಳೆ. ನೋಡಬೇಕು.

ಬೈಲಹೊಂಗಲ ಹವಾಲ್ದಾರ್ (ನಿವೃತ್ತ)

ನಿಮ್ಮ ಅಪ್ಪನಿಗೆ ನನ್ನ ಸಲಾಂ ಹೇಳಿ. ಇನ್ನು ಕಾಗದದ ಕೆಲಸ. ಎಂಐ ರೂಮಿನಲ್ಲಿ ಬರೆಸಿದ್ದು, ಎಕ್ಸ್‌ರೇ, ಆಸ್ಪತ್ರೆಗೆ ಕಳಿಸಿದರೆ ಅಲ್ಲಿಯ ಡಿಸ್ಚಾರ್ಜ್ ಚೀಟಿ, ಎಲ್ಲದರ ಕಾಪಿ ಅವನ ಹತ್ತಿರ ಇರಲಿ. ಯಾವ ದಿನ, ಯಾವ ಪರೇಡಿನಲ್ಲಿ ನೋವು ಶುರುವಾಯಿತು ಅಂತ ಸರಿಯಾಗಿ ಹೇಳಲಿ. ಟ್ರೇನಿಂಗ್‌ನಿಂದ ಆದ ಪೆಟ್ಟು ಅಂತ ದಾಖಲೆ ಆಗಿರುವುದು ಮುಂದೆ ಬೇಕಾಗುತ್ತದೆ. ಬಾಯಿಮಾತಿಗೆ ಮಿಲಿಟರಿಯಲ್ಲಿ ಬೆಲೆ ಇಲ್ಲ. ಮನಸ್ಸು ಭಾರ ಆದರೆ ಯೂನಿಟ್‌ನಲ್ಲಿ ಧರ್ಮಗುರು ಇರುತ್ತಾರೆ, ಪೂಜೆಗಷ್ಟೇ ಅಲ್ಲ ಅವರು, ಹೋಗಿ ಕೂತು ಮಾತಾಡಬಹುದು.

ಅಥಣಿ ಓಟಗಾರ

ಫಿಜಿಯೋ ಮೇಡಂ, ಒಂದು ಸಣ್ಣ ಪ್ರಶ್ನೆ. ನೋವಿನ ಜಾಗ ಒಂದು ಬೆರಳಲ್ಲ, ಎರಡು ಬೆರಳಿನಷ್ಟು ಅಗಲ ಇದ್ದರೆ?

ಫಿಜಿಯೋ, ಬಾಗಲಕೋಟೆ

ಯಾರ ಕಾಲು?

ಅಥಣಿ ಓಟಗಾರ

ಗೆಳೆಯನದು.

ಫಿಜಿಯೋ, ಬಾಗಲಕೋಟೆ

ನಿಮ್ಮ ಗೆಳೆಯ ನಾಳೆಯಿಂದ ಓಟ ನಿಲ್ಲಿಸಲಿ. ಡಾಂಬರು ರಸ್ತೆ ಪೂರ್ತಿ ಬಂದ್. ಒಂದು ಕಾಲಿನ ಮೇಲೆ ಮೆಲ್ಲಗೆ ಕುಪ್ಪಳಿಸಿದರೆ ಅದೇ ಜಾಗದಲ್ಲಿ ಚುಚ್ಚುತ್ತದಾ? ಚುಚ್ಚಿದರೆ ಈ ವಾರವೇ ಎಲುಬಿನ ಡಾಕ್ಟರಿಗೆ ತೋರಿಸಲಿ, ವಿಟಮಿನ್ ಡಿ ಪರೀಕ್ಷೆಯನ್ನೂ ಮಾಡಿಸಲಿ. ಚುಚ್ಚದಿದ್ದರೂ ಎರಡು ವಾರ ಸೈಕಲ್ ಮಾತ್ರ. ಮತ್ತೆ ಆ ಶೂ ಎಷ್ಟು ಹಳೆಯದು ಅಂತ ಗೆಳೆಯನನ್ನೇ ಕೇಳಿ ಬರೆಯಿರಿ.